ಮಾಧವಿಯ ಹೆಸರಿಗೊಂದು ಪಾಲಿಸಿ

ಪಲ್ಲಾವರಂ, ಕ್ರೋಂಪೇಟೆ ಕಡೆಯ ಕನ್ನಡದವರಲ್ಲಿ ತಿರುಮಲೇಶನನ್ನು ಕಂಡರೆ ಫೋನು ಕಿವಿಗೆ ಹಿಡಿದು ಆಚೆ ಸರಿಯುವವರು ಕೆಲವರಿದ್ದರು. ಕೆಟ್ಟವನೆಂದಲ್ಲ, ಇನ್ಶೂರೆನ್ಸಿನವನೆಂದು. ಮದುವೆ ಮನೆಯಲ್ಲಿ ಅವನು ಪಕ್ಕದ ಎಲೆಗೆ ಕೂತನೋ, ಪಾಯಸ ಬರುವುದರೊಳಗೆ ನಿಮ್ಮ ವಯಸ್ಸು, ನಿಮ್ಮಪ್ಪ ಯಾವುದರಲ್ಲಿ ಹೋದರು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಲ್ಲವನ್ನೂ ಬಾಯಿ ಬಿಡಿಸಿರುತ್ತಿದ್ದ. ಮನುಷ್ಯ ಎಂದರೆ ಅವನಿಗೆ ಮೊದಲು ವಯಸ್ಸು, ಆಮೇಲೆ ಕಾಯಿಲೆ, ಕೊನೆಗೆ ನಾಮಿನಿ.

ಅವನ ಅಜ್ಜ ರೈಲ್ವೆ ಗುಮಾಸ್ತರಾಗಿ ಮೈಸೂರಿನಿಂದ ಮದರಾಸಿಗೆ ಬಂದವರು. ಅಪ್ಪ ಇಲ್ಲೇ ಹುಟ್ಟಿ ಇಲ್ಲೇ ತೀರಿಕೊಂಡರು. ತಿರುಮಲೇಶ ಓದಿದ್ದು ತಮಿಳು ಮಕ್ಕಳ ನಡುವೆ, ಬೈಯುವುದು ತಮಿಳಿನಲ್ಲಿ, ದೇವರ ಮುಂದೆ ಮಾತ್ರ ಕನ್ನಡ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಡೆವಲಪ್‌ಮೆಂಟ್ ಆಫೀಸರ್. ಕಂಪನಿಯ ಹೆಸರು ನಮಗೆ ಬೇಡ, ಎಲ್ಲ ಕಂಪನಿಗಳೂ ಸಾವಿನ ಭಯದ ಮೇಲೇ ನಡೆಯುವುದು. ಅವನ ಕೈಕೆಳಗೆ ಒಂದಷ್ಟು ಏಜೆಂಟರು. ಯಾವ ವಯಸ್ಸಿನವರು ಎಷ್ಟು ಮೊತ್ತದ ಪಾಲಿಸಿ ಕೇಳಿದರೆ ಯಾವ ಯಾವ ರಕ್ತಪರೀಕ್ಷೆ ಮಾಡಿಸಬೇಕು ಎನ್ನುವ ಪಟ್ಟಿ ಅವನಿಗೆ ಬಾಯಿಪಾಠ. ಸಕ್ಕರೆ ಇರುವವರು ಹಿಂದಿನ ದಿನ ಏನು ತಿನ್ನಬಾರದು, ರಕ್ತದೊತ್ತಡದವರು ಬೆಳಿಗ್ಗೆ ಯಾವ ಮಾತ್ರೆ ನುಂಗಿ ಬರಬೇಕು ಎನ್ನುವುದೂ ಬಾಯಿಪಾಠ. ಕಂಪನಿಗೆ ಸುಳ್ಳು ಹೇಳುವುದು ಹೇಗೆಂದು ಕಂಪನಿಯ ಸಂಬಳದಲ್ಲೇ ಜನರಿಗೆ ಕಲಿಸುತ್ತಿದ್ದ.

ಹೆಂಡತಿ ಮಾಧವಿ ತುಮಕೂರಿನವಳು. ಮದುವೆಯಾಗಿ ಬಂದವಳು ಇಲ್ಲೇ ಬ್ಯಾಂಕಿನ ಪರೀಕ್ಷೆ ಬರೆದು ಕ್ರೋಂಪೇಟೆಯ ಶಾಖೆಯಲ್ಲಿ ಕ್ಯಾಷಿಯರ್ ಆಗಿದ್ದಳು. ಒಬ್ಬಳೇ ಮಗಳು, ಕೊಯಮತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ, ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮನೆ ಪಲ್ಲಾವರಂನಲ್ಲಿ, ವಿಮಾನಗಳು ತಲೆ ಮೇಲೇ ಇಳಿಯುವ ಕಡೆ. ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಗಂಡಹೆಂಡಿರಿಬ್ಬರಿಗೂ ರೂಢಿಯಾಗಿತ್ತು.

ಒಂದು ವರ್ಷದ ಮಾರ್ಚ್ ಕೊನೆಗೆ ತಿರುಮಲೇಶನ ಟಾರ್ಗೆಟ್ ಮುಗಿಯಿತು. ಅದರಲ್ಲಿ ಅರ್ಧ ಪಾಲು ಮೋಹನ್ ಎಂಬ ಏಜೆಂಟನದು. ಆ ಖುಷಿಗೆ ಮೋಹನ್ ಅವನನ್ನು ಶೋಳಿಂಗನಲ್ಲೂರಿಗೆ ಕರೆದುಕೊಂಡು ಹೋದ. ಐಟಿ ಕಂಪನಿಗಳ ಹಿಂದಿನ ಬೀದಿ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಸ್ಪಾ ಎಂದು ಬೋರ್ಡು. ಮೊದಲು ಕುಡಿತ, ಆಮೇಲೆ ಸ್ಪಾ. ಕಾಂಡೋಮ್ ಹಾಕಿಕೊಳ್ಳಿ ಎಂದು ಆ ಹೆಂಗಸು ತಾನಾಗಿಯೇ ಹೇಳಿದಳು. ಇವನು ಬೇಡವೆಂದ. ಊರಿಗೆಲ್ಲ ರಿಸ್ಕ್ ಬಗ್ಗೆ ಉಪನ್ಯಾಸ ಕೊಡುವವನು, ನಾಳೆ ಏನಾದೀತು ಎಂದು ಜನರ ಹೊಟ್ಟೆಯಲ್ಲಿ ಭಯ ಹುಟ್ಟಿಸಿ ಸಹಿ ಹಾಕಿಸಿಕೊಳ್ಳುವವನು, ತನ್ನ ಸರದಿ ಬಂದಾಗ ಬೇಡವೆಂದ. ಅವಳು ವಾದ ಮಾಡಲಿಲ್ಲ. ವಾದ ಮಾಡಿದರೆ ಕೆಲಸ ಉಳಿಯುವ ಜಾಗ ಅದಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಅವನ ಮರ್ಮಸ್ಥಾನದಲ್ಲಿ ಒಂದು ಹುಣ್ಣು ಕಾಣಿಸಿತು. ನೋವಿಲ್ಲ, ಉರಿಯಿಲ್ಲ. ಬಿಸಿಲಿಗೆ ಬಂದದ್ದೆಂದುಕೊಂಡ. ಯಾರೂ ಪರಿಚಯವಿಲ್ಲದ ಸೈದಾಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ತಮ್ಮನಿಗೆ ಬೇಕು ಎಂದು ಹೇಳಿ ಮುಲಾಮು ತಂದು ಹಚ್ಚಿದ. ಹುಣ್ಣು ಮಾಯಿತು. ಮುಲಾಮು ಹಚ್ಚದಿದ್ದರೂ ಅದು ಮಾಯುತ್ತಿತ್ತು, ಆದರೆ ಅವನು ಮುಲಾಮಿಗೂ ತನ್ನ ಜಾಣತನಕ್ಕೂ ಬೆನ್ನು ತಟ್ಟಿಕೊಂಡ.

ಜೂನ್‌ನಲ್ಲಿ ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆಗಳು ಎದ್ದವು. ಅಂಗಾಲಿನಲ್ಲೂ ಅವೇ. ತುರಿಕೆಯಿಲ್ಲ. ಸಂಜೆಯಾದರೆ ಮೈ ಬೆಚ್ಚಗೆ, ಗಂಟಲು ಕೆರೆತ, ತಲೆ ಬಾಚಿದರೆ ಕೂದಲು ಬಾಚಣಿಗೆಯಲ್ಲಿ. ಬಾತ್‌ರೂಮಿನಲ್ಲಿ ಕೂತು ಫೋನಿನಲ್ಲಿ ಹುಡುಕಿದ. ಹುಡುಕಿದಾಗ ಹತ್ತು ಕಾಯಿಲೆಗಳ ಹೆಸರು ಬಂದವು, ಅವನ ತಲೆಗೆ ಹತ್ತಿದ್ದು ಮಾತ್ರ ಒಂದೇ, ಎಚ್‌ಐವಿ. ಮಿಕ್ಕ ಹೆಸರುಗಳನ್ನು ಅವನು ಪೂರ್ತಿ ಓದಲೇ ಇಲ್ಲ.

"ಏನ್ರೀ ಇದು ಕೈಯಲ್ಲಿ?" ಎಂದು ಕಾಫಿ ಕೊಡುವಾಗ ಮಾಧವಿ ಕೇಳಿದಳು.

"ಗಾಡಿದು ಗ್ರಿಪ್ ಮಾತ್ತಿದೀನಲ್ಲ, ರಬ್ಬರ್ ಅಲರ್ಜಿ," ಎಂದ. ಮಾತ್ತುವುದೆಂದರೆ ಬದಲಾಯಿಸುವುದು ಎನ್ನುವುದು ಅವಳಿಗೆ ಇಷ್ಟು ವರ್ಷಗಳಲ್ಲಿ ಗೊತ್ತಾಗಿತ್ತು. ಅವಳು ತಲೆಯಾಡಿಸಿ ಒಳಗೆ ಹೋದಳು.

ಅವತ್ತಿನಿಂದ ಬೆನ್ನುನೋವು ಎಂದು ಹೇಳಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗತೊಡಗಿದ. ಹೆಂಡತಿಗೆ ತಾಗಬಾರದೆಂಬ ಕಾಳಜಿ ಎಂದು ನಾವು ಅಂದುಕೊಳ್ಳಬಹುದು. ಅವನ ಭಯ ಬೇರೆ, ಚುಕ್ಕೆಗಳು ಬೆನ್ನಿನ ಮೇಲೂ ಇದ್ದವು, ಅವಳು ಅವನ್ನು ನೋಡಬಾರದಿತ್ತು.

ಪರೀಕ್ಷೆ ಮಾಡಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಎಲ್ಲಿ ಮಾಡಿಸುವುದು? ತಾಂಬರದಿಂದ ಅಡ್ಯಾರಿನವರೆಗೆ ಅವನಿಗೆ ಗೊತ್ತಿಲ್ಲದ ಲ್ಯಾಬ್ ಇರಲಿಲ್ಲ. ಎಲ್ಲ ಕಡೆಗೂ ಅವನೇ ಜನರನ್ನು ಕಳಿಸಿದವನು. ರಕ್ತ ತೆಗೆಯುವ ಹುಡುಗಿಯರೆಲ್ಲ ವಣಕ್ಕಂ ಸಾರ್ ಎಂದು ಎದ್ದು ನಿಲ್ಲುವವರು. ಅವರೆದುರು ತೋಳು ಚಾಚಿ ಎಚ್‌ಐವಿ ನೋಡಮ್ಮಾ ಎಂದರೆ ಸಂಜೆಗೆ ಸುದ್ದಿ ಡಿವಿಷನ್ ಆಫೀಸಿನಲ್ಲಿರುತ್ತದೆ. ಬೇರೆಯವರ ಗುಟ್ಟನ್ನು ಅವನೇ ಎಷ್ಟು ಸಲ ಕ್ಯಾಂಟೀನಿನಲ್ಲಿ ಹರಡಿದ್ದ, ಹಾಗಾಗಿ ಗುಟ್ಟು ಹೇಗೆ ಹರಡುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಊರಿನ ಆ ತುದಿಗೆ, ತಿರುವೊಟ್ಟಿಯೂರಿಗೆ ಹೋದ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 'ನಂಬಿಕ್ಕೈ ಮೈಯಂ' ಎಂದು ಬೋರ್ಡು ಹಾಕಿದ ಕೋಣೆಯಿತ್ತು. ಅಲ್ಲಿ ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ, ಹೆಸರನ್ನು ಯಾರಿಗೂ ಹೇಳುವುದಿಲ್ಲ, ಬೇರೆ ರೋಗದ ಲಕ್ಷಣ ಕಂಡರೆ ಪಕ್ಕದ ಕೋಣೆಗೆ ಕಳಿಸಿ ಅದನ್ನೂ ನೋಡುತ್ತಾರೆ. ಮೀನುಗಾರರು, ಫ್ಯಾಕ್ಟರಿಯವರು, ಬಸುರಿ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಬಾಗಿಲಲ್ಲಿದ್ದ ಹೆಂಗಸು ಇವನ ಮುಖ ನೋಡಿ, "ಉಳ್ಳೆ ವಾಂಗ ಸಾರ್, ಒಣ್ಣೂ ಬಯಪ್ಪಡಾದೀಂಗ," ಎಂದಳು. ಒಳಗೆ ಬನ್ನಿ, ಹೆದರಬೇಡಿ ಎಂದಷ್ಟೇ. ಇಸ್ತ್ರಿ ಷರಟಿನ ತಿರುಮಲೇಶನಿಗೆ ಆ ಬೆಂಚನ್ನು ನೋಡಿದರೆ ಅವಮಾನವಾಯಿತು. ಒಬ್ಬ ಪಾಲಿಸಿದಾರನನ್ನು ಹುಡುಕಿಕೊಂಡು ಬಂದೆ ಎಂದು ಹೇಳಿ ಸರಸರನೆ ಹೊರಗೆ ಬಂದುಬಿಟ್ಟ. ಅಲ್ಲಿ ಕೂತಿದ್ದರೆ ಅವತ್ತೇ ರೋಗ ಯಾವುದೆಂದು ಗೊತ್ತಾಗುತ್ತಿತ್ತು, ಅವತ್ತೇ ಔಷಧಿಯೂ ಸಿಕ್ಕುತ್ತಿತ್ತು. ಷರಟಿನ ಇಸ್ತ್ರಿ ಕೆಡಬಾರದೆಂದು ಅವನು ಹೊರಟುಬಂದ.

ವಾಪಸು ಬರುವ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಇನ್ಶೂರೆನ್ಸಿನವನಿಗಲ್ಲದೆ ಇನ್ನೊಬ್ಬರಿಗೆ ಹೊಳೆಯುವ ಉಪಾಯವಲ್ಲ ಅದು. ಪಾಲಿಸಿಯ ಮೊತ್ತ ಒಂದು ಗೆರೆ ದಾಟಿದರೆ ಕಂಪನಿಯೇ ಎಚ್‌ಐವಿ ಪರೀಕ್ಷೆ ಮಾಡಿಸುತ್ತದೆ. ಯಾರೂ ಯಾಕೆಂದು ಕೇಳುವುದಿಲ್ಲ. ಹಾಗೆಂದು ತನ್ನ ಹೆಸರಿನಲ್ಲಿ ಪಾಲಿಸಿ ಹಾಕಿದರೆ, ಬರಬಾರದ್ದು ಬಂದರೆ, ಆಫೀಸಿನ ಕಂಪ್ಯೂಟರಿನಲ್ಲಿ ತನ್ನ ಹೆಸರು. ಅದೇ ಮಾಧವಿಯ ಹೆಸರಿನಲ್ಲಿ ಹಾಕಿದರೆ? ಸ್ಪಾಗೆ ಹೋಗಿ ಬಂದಮೇಲೆ, ಹುಣ್ಣು ಏಳುವ ಮುಂಚೆ, ಅವನು ಅವಳ ಜೊತೆ ಮಲಗಿದ್ದುಂಟು. ತನಗಿದ್ದರೆ ಅವಳಿಗೂ ಬಂದಿರುತ್ತದೆ. ಅವಳಿಗಿಲ್ಲದಿದ್ದರೆ ತನಗೂ ಇಲ್ಲ. ಲೆಕ್ಕ ತಪ್ಪು, ಗಂಡನಿಗಿರುವ ರೋಗ ಹೆಂಡತಿಗೆ ಬಂದೇ ತೀರಬೇಕೆಂದಿಲ್ಲ. ಆದರೆ ತಿರುಮಲೇಶನಿಗೆ ಅದು ಪಕ್ಕಾ ಅನ್ನಿಸಿತು. ಒಂದು ವೇಳೆ ಬಂದೇಬಿಟ್ಟರೆ, ರೋಗ ಮೊದಲು ಅವಳ ಹೆಸರಿನಲ್ಲಿ ಬರುತ್ತದೆ. ಅದನ್ನೂ ಅವನು ಯೋಚಿಸಿದ್ದ. ಯೋಚಿಸಿ, ಪರವಾಗಿಲ್ಲ ಎಂದುಕೊಂಡ.

"ನೋಡು ಮಾಧವೀ, ಎಲ್ಲಾ ನನ್ ಪೇರ್‌ಲೇ ಇದೆ," ಎಂದು ಅವತ್ತು ಸಂಜೆ ಶುರುಮಾಡಿದ. "ನಿನ್ ಪೇರ್‌ಲಿ ಒಂದು ಒಳ್ಳೇ ಪಾಲಿಸಿ ಇಲ್ಲ. ಊರ್ಗೆಲ್ಲ ಹೇಳ್ತೀನಿ, ಮನೇಲೇ ಮಾಡಿಲ್ಲ ಅಂದ್ರೆ ಕೇವಲ ಅಲ್ವಾ, ನಗಲ್ವಾ ಜನ?"

"ಯಾಕ್ರೀ ಇದ್ದಕ್ಕಿದ್ದಂಗೆ? ನನಗೇನಾಗಿದೆ?"

"ಆಗ್ಲಿ ಅಂತ ಅಲ್ಲ. ಮಗಳಿಗೆ ಇರ್ಲಿ ಅಂತ ದಾ, ಅಷ್ಟೇ."

ತಲೆ ಮೇಲೆ ವಿಮಾನ ಹೋಯಿತು. ಅದರ ಸದ್ದು ಅಡಗುವವರೆಗೆ ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷಗಳಲ್ಲಿ ತನ್ನ ಬಗ್ಗೆ ಅವನು ಹೀಗೆ ಯೋಚಿಸಿದ್ದು ಅವಳಿಗೆ ನೆನಪಿರಲಿಲ್ಲ. "ಆಯ್ತು, ಹಾಕಿ," ಎಂದಳು.

ಲ್ಯಾಬಿನ ಹುಡುಗಿ ಮನೆಗೇ ಬಂದಳು. ರಕ್ತ ತೆಗೆಯುವ ಮುಂಚೆ ಒಂದು ಕಾಗದ ಮುಂದಿಟ್ಟು, "ಮೇಡಂ, ಎಚ್‌ಐವಿ ಟೆಸ್ಟ್‌ಕ್ಕು ಇಂಗ ಒರು ಸೈನ್," ಎಂದಳು. ಮಾಧವಿ ತಲೆಯೆತ್ತಿ ಗಂಡನ ಕಡೆ ನೋಡಿದಳು.

"ದೊಡ್ಡ ಪಾಲಿಸಿ ಅಲ್ವಾ, ಎಲ್ರಿಗೂ ಕೇಳ್ತಾರೆ," ಎಂದ ತಿರುಮಲೇಶ. ಅವಳು ಸಹಿ ಹಾಕಿ ತೋಳು ಚಾಚಿದಳು. ಸೂಜಿ ಚುಚ್ಚಿದಾಗ ಅವಳಿಗಿಂತ ಮೊದಲು ಇವನು ಕಣ್ಣು ಮುಚ್ಚಿದ.

ರಿಪೋರ್ಟು ಬರುವವರೆಗೆ ಅವನಿಗೆ ಅನ್ನ ಸೇರಲಿಲ್ಲ. ಅವಳು ಸೀನಿದರೆ, ಕೆಮ್ಮಿದರೆ ಎದ್ದು ಬಂದು ಹಣೆ ಮುಟ್ಟಿ ನೋಡುತ್ತಿದ್ದ. ಸುಸ್ತಾಗಿದೆಯಾ, ಜ್ವರ ಬಂದಹಾಗಿದೆಯಾ, ತೂಕ ಇಳಿದಿದೆಯಾ ಎಂದು ದಿನಾ ಕೇಳುತ್ತಿದ್ದ. ಪಾಪ, ಮಾಧವಿ ಅದನ್ನು ಮಮತೆ ಎಂದೇ ತಿಳಿದಳು. ತುಮಕೂರಿನ ಅಕ್ಕನಿಗೆ ಫೋನು ಮಾಡಿ, "ಯಾಕೋ ಕಣೇ, ಈಚೀಚೆಗೆ ತುಂಬಾ ನೋಡ್ಕೊಳ್ತಾರೆ," ಎಂದು ಹೇಳಿಕೊಂಡಳು. ಹೇಳುವಾಗ ಅವಳ ದನಿಯಲ್ಲಿ ನಾಚಿಕೆಯಿತ್ತು. ಈ ಕತೆಯಲ್ಲಿ ನನಗೆ ಸಹಿಸಲು ಕಷ್ಟವಾಗುವುದು ಆ ನಾಚಿಕೆ.

ಒಂದು ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ, ಹಳೇ ಫ್ಯಾನು ಹಳೇ ಕುರ್ಚಿಗಳ ನಡುವೆ ನಿಂತಿದ್ದಾಗ ಆಫೀಸಿನ ಸತ್ಯಾತ್ಮನ ಫೋನು ಬಂತು. ಹೊಸ ಪಾಲಿಸಿಗಳ ವಿಭಾಗದವನು. "ಮೇಡಂದು ಎಲ್ಲಾ ಕ್ಲಿಯರ್ ಸಾರ್. ಶುಗರ್ ನಾರ್ಮಲ್, ಎಚ್‌ಐವಿ ನೆಗೆಟಿವ್. ಅದೃಷ್ಟವಂತರು ನೀವು," ಎಂದ. ತಿರುಮಲೇಶನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸಂತೆಯಿಂದ ನೇರ ಸಿಹಿ ಅಂಗಡಿಗೆ ಹೋಗಿ ಬಿಸಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದು ತಾನೇ ಹೆಂಡತಿಯ ಬಾಯಿಗಿಟ್ಟ. ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ. ಬೆನ್ನುನೋವು ಹೋಯಿತು ಎಂದ.

ಅವನ ಮೈಮೇಲಿನ ಚುಕ್ಕೆಗಳು ಮಸುಕಾಗುತ್ತಿದ್ದವು, ಪೂರ್ತಿ ಹೋಗಿರಲಿಲ್ಲ. ಅವನಿಗಿದ್ದದ್ದು ಸಿಫಿಲಿಸ್. ನಮ್ಮ ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದದ್ದು. ಮೊದಲು ಹುಣ್ಣಾಗಿ ಬಂದು, ಮಾಯ್ದು, ಚುಕ್ಕೆಗಳಾಗಿ ಬಂದು, ಅವೂ ಹೋಗಿ, ಆಮೇಲೆ ಒಳಗೆ ಸುಮ್ಮನೆ ಕೂತು ತನ್ನ ಕೆಲಸ ಮಾಡುವ ರೋಗ. ಇಂಜೆಕ್ಷನ್ನಿಗೆ ಹೋಗುವ ರೋಗ. ಕಂಪನಿಯ ಪಟ್ಟಿಯಲ್ಲಿ ಅದರ ಪರೀಕ್ಷೆ ಇರಲಿಲ್ಲ, ಅವನ ಬಾಯಿಪಾಠದಲ್ಲೂ ಇರಲಿಲ್ಲ. ಲ್ಯಾಬಿನ ಹುಡುಗಿ ರಕ್ತ ತೆಗೆದ ದಿನ ಮಾಧವಿಗೆ ಯಾವ ರೋಗವೂ ಇರಲಿಲ್ಲ. ಅವಳ ರಕ್ತ ಕೆಟ್ಟದ್ದು ಆಮೇಲೆ, ಮೈಸೂರುಪಾಕು ತಿಂದ ಮೇಲೆ.

ನವರಾತ್ರಿ ಬಂತು. ಮಾಧವಿ ರಜೆ ಹಾಕಿ ಗೊಂಬೆ ಕೂರಿಸಲು ಮೆಟ್ಟಿಲು ಕಟ್ಟಿ ಬಿಳೀ ಪಂಚೆ ಹಾಸುತ್ತಿದ್ದಳು. ತಿರುಮಲೇಶ ಆಫೀಸಿನಿಂದ ಬಂದು ಷೂ ಬಿಚ್ಚುತ್ತಿದ್ದ. ಅವಳು ಕೈಲಿದ್ದ ಗೊಂಬೆಯನ್ನು ಕೆಳಗಿಟ್ಟು ಅವನ ಮುಂದೆ ಬಂದು ನಿಂತು ಎರಡು ಅಂಗೈಗಳನ್ನೂ ಬಿಚ್ಚಿ ತೋರಿಸಿದಳು.

"ಇದು ಏನೂಂತ ನಿಮಗೇನಾದ್ರೂ ಗೊತ್ತಾಗುತ್ತಾ ನೋಡಿ," ಎಂದಳು.

ತಾಮ್ರದ ಬಣ್ಣದ ಚುಕ್ಕೆಗಳು. ಅಂಗೈ ತುಂಬ. ತನ್ನ ಕೈಯನ್ನೇ ನೋಡಿದಹಾಗೆ ಅವನಿಗೆ ಅನ್ನಿಸಿತು. ಷೂ ದಾರ ಬೆರಳಿನಲ್ಲೇ ಉಳಿಯಿತು. ತನ್ನಿಂದ ಅವಳಿಗೆ ಏನೋ ದಾಟಿದೆ ಎಂಬುದರಲ್ಲಿ ಅವನಿಗೆ ಆ ಗಳಿಗೆಯಲ್ಲಿ ಸಂಶಯವಿರಲಿಲ್ಲ. ಯಾವುದೇ ಡಾಕ್ಟರಿಗೆ ತೋರಿಸಿದರೆ ಗಂಡನನ್ನು ಕರೆಸುತ್ತಾರೆ ಎನ್ನುವುದೂ ಹೊಳೆಯಿತು.

"ನಿಮಗೂ ಹೀಗೇ ಬಂದಿತ್ತಲ್ಲ," ಎಂದಳು ಅವಳು. ಕೈ ಹಾಗೇ ಚಾಚಿಕೊಂಡಿದ್ದಳು.

"ನನಗೆಲ್ಲಿ? ಅದು ರಬ್ಬರ್ ಅಲರ್ಜಿ, ಅದು ಬೇರೆ," ಎಂದ. "ಇದು ಸೂಡು, ಮೈ ಉಷ್ಣ. ನೋಟು ಎಣ್ಸಿ ಎಣ್ಸಿ ಸೂಡು ಜಾಸ್ತಿ ಆಗಿದೆ. ಮಜ್ಜಿಗೆ ಕುಡಿ, ಎಣ್ಣೆ ಸ್ನಾನ ಮಾಡು. ತಾನಾಗಿ ಹೋಗುತ್ತೆ."

"ಡಾಕ್ಟರಿಗೆ ತೋರ್ಸೋದು ಬೇಡ್ವಾ?"

"ಇದಕ್ಕೆಲ್ಲ ಎದುಕ್ಕು ಡಾಕ್ಟರ್? ಸುಮ್ನೆ ನೂರೆಂಟು ಟೆಸ್ಟ್ ಬರೀತಾರೆ."

ಅವಳು ಕೈ ಮಡಿಸಿಕೊಂಡು ಗೊಂಬೆಗಳ ಹತ್ತಿರ ಹೋದಳು. ತಿರುಮಲೇಶ ಒಳಗೆ ಹೋಗಿ ಮುಖ ತೊಳೆದುಕೊಂಡ. ತನಗೆ ಹೋದದ್ದು ಅವಳಿಗೂ ಹೋಗುತ್ತದೆ, ಹೇಗೂ ಎಚ್‌ಐವಿ ಅಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಅಯೋಗ್ಯ ಎನ್ನುವ ಮಾತು ಇಂಥವರಿಗೇ ಇರುವುದು. ಒಂದು ರೋಗವಿದೆ, ಅದು ಹೆಂಡತಿಯ ಮೈಯೊಳಗೆ ಹೋಗಿದೆ ಎಂದು ಕಣ್ಣಾರೆ ಕಂಡು, ಮಜ್ಜಿಗೆ ಕುಡಿಸಿ ಕೈತೊಳೆದುಕೊಂಡ.

ಚುಕ್ಕೆಗಳು ಹೋದವು. ಮಾಧವಿ ಮತ್ತೆ ಆ ಮಾತೆತ್ತಲಿಲ್ಲ. ಹಬ್ಬ ಮುಗಿದ ಮೇಲೆ ತನ್ನ ದಿಂಬು ಹೊದಿಕೆ ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಮೈಯಲ್ಲಿ ಆಗುವುದಿಲ್ಲ, ಇನ್ನು ಒಬ್ಬಳೇ ಮಲಗುತ್ತೇನೆ ಎಂದಳು. ವಯಸ್ಸಿನ ತೊಂದರೆ ಇರಬೇಕೆಂದು ತಿರುಮಲೇಶನೂ ಕೆದಕಲಿಲ್ಲ. ಎಲ್ಲ ತಣ್ಣಗಾಯಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಅಡಿಗೆ ಎಂದಿನಂತೆ, ಷರಟಿನ ಇಸ್ತ್ರಿ ಎಂದಿನಂತೆ, ಕಾಫಿ ಇನ್ನೂ ಚೆನ್ನಾಗಿತ್ತು.

ಮುಂದಿನ ಬೇಸಗೆಯಲ್ಲಿ ಅವನ ಬಲಗಣ್ಣು ಮಂಜಾಯಿತು. ಗಾಡಿ ಓಡಿಸುವಾಗ ಆ ಕಡೆಯಿಂದ ಬರುವ ಬಸ್ಸು ಹತ್ತಿರ ಬರುವವರೆಗೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಪೇಪರ್ ಓದುವಾಗ ಕಣ್ಣುಜ್ಜಿಕೊಂಡು, "ಒಂದ್ ಕಣ್ಣು ಮಸುಕು ಮಸುಕಾಗಿದೆ ಮಾಧವೀ," ಎಂದ.

ಅವಳು ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿ ಅವನನ್ನು ನೋಡಿದಳು. "ವಯಸ್ಸಾಯ್ತಲ್ಲ," ಎಂದಳು. "ಕನ್ನಡಕ ಬದಲಾಯ್ಸಿ."

ಕನ್ನಡಕ ಬದಲಾಯಿಸಿದ. ಸರಿಹೋಗಲಿಲ್ಲ. ಮತ್ತೆ ಅಂಗಡಿಗೆ ಹೋಗಿ ಜಗಳವಾಡಿ ಗಾಜು ಬದಲಾಯಿಸಿಕೊಂಡು ಬಂದ. ಮಂಜು ಕಪ್ಪಾಯಿತು. ಪರದೆ ಎಳೆದಹಾಗೆ ದಿನದಿನಕ್ಕೆ ಮುಚ್ಚಿಕೊಳ್ಳತೊಡಗಿದಾಗ ಕನ್ನಡಕದ ಅಂಗಡಿಯವನೇ ಹೆದರಿ ಕಣ್ಣಿನ ಆಸ್ಪತ್ರೆಗೆ ಕಳಿಸಿದ.

ಅಲ್ಲಿನ ಡಾಕ್ಟರ್ ಗಿರಿಧರ್ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಕಣ್ಣಿನ ನರ ಊದಿಕೊಂಡಿದೆ, ಕೆಲವು ರಕ್ತಪರೀಕ್ಷೆ ಮಾಡಿಸಬೇಕು, ಅದರಲ್ಲಿ ಎಚ್‌ಐವಿಯೂ ಇದೆ ಎಂದರು. ತಿರುಮಲೇಶ ಥಟ್ಟನೆ, "ಎಚ್‌ಐವಿ ನೆಗೆಟಿವ್ ಡಾಕ್ಟರ್, ಹೋದ ವರ್ಷವೇ ಮಾಡ್ಸಿದೆ," ಎಂದುಬಿಟ್ಟ.

"ಒಳ್ಳೇದು. ರಿಪೋರ್ಟ್ ತಂದು ತೋರಿಸಿ."

ತಿರುಮಲೇಶನ ಮುಖ ಹುಳ್ಳಗಾಯಿತು. ಇಷ್ಟು ತಿಂಗಳು ಹೆಂಡತಿಯ ರಕ್ತವನ್ನು ತನ್ನದೆಂದೇ ನಂಬಿಕೊಂಡಿದ್ದ. "ಕಳೆದುಹೋಗಿದೆ," ಎಂದ. ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಬರೆದರು.

ಎಚ್‌ಐವಿ ಇರಲಿಲ್ಲ. ಸಿಫಿಲಿಸ್ ಇತ್ತು, ಜೋರಾಗಿಯೇ ಇತ್ತು. ಅದು ಕಣ್ಣಿನ ನರವನ್ನು ಹಿಡಿದಿತ್ತು. ಆಸ್ಪತ್ರೆಗೆ ಸೇರಿಸಿ ದಿನಕ್ಕೆ ಹಲವು ಸಲ ಪೆನ್ಸಿಲಿನ್ ಕೊಡಬೇಕು ಎಂದರು ಗಿರಿಧರ್. ಬಲಗಣ್ಣಿನಲ್ಲಿ ಹೋದದ್ದು ವಾಪಸು ಬರುವ ನಂಬಿಕೆ ಇಲ್ಲ. ಎಡಗಣ್ಣಿಗೂ ಶುರುವಾಗಿದೆ, ಅದನ್ನು ಉಳಿಸಲು ನೋಡೋಣ. ಮೊದಮೊದಲೇ ಬಂದಿದ್ದರೆ ಒಂದು ಇಂಜೆಕ್ಷನ್ನಿಗೆ ಮುಗಿಯುತ್ತಿತ್ತು, ಎಂದು ಹೇಳಿ ಪೆನ್ನು ಮುಚ್ಚಿದರು. ಹೆಂಡತಿಯನ್ನೂ ತಕ್ಷಣ ಪರೀಕ್ಷೆ ಮಾಡಿಸಿ ಎಂದರು.

ಖಾಸಗಿ ಆಸ್ಪತ್ರೆಗೆ ಸೇರಿದರೆ ಆಫೀಸಿನ ಮೆಡಿಕಲ್ ಇನ್ಶೂರೆನ್ಸ್, ಆಫೀಸಿನ ಕಣ್ಣಿಗೆ ರೋಗದ ಹೆಸರು. ಹಾಗಾಗಿ ತಿರುಮಲೇಶ ಸರ್ಕಾರಿ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮಲಗಿದ. ಮಾಧವಿಗೆ ಕಣ್ಣಿನ ನರಕ್ಕೆ ಇನ್ಫೆಕ್ಷನ್ ಎಂದಷ್ಟೇ ಹೇಳಿದ್ದ. ಅವಳು ಬ್ಯಾಂಕು ಮುಗಿಸಿ ಲೋಕಲ್ ಟ್ರೇನು ಹಿಡಿದು ದಿನಾ ಊಟ ತರುತ್ತಿದ್ದಳು. ಅವಳೂ ಪರೀಕ್ಷೆ ಮಾಡಿಸಬೇಕೆಂದು ಅವನು ಹೇಳಲೇಬೇಕಿತ್ತು. ಪಾಲಿಸಿ ಮಾರುವ ಮುಂಚೆ ಮಾಡುವಂತೆ ಮಾತನ್ನು ಮನಸ್ಸಿನಲ್ಲೇ ಸಾವಿರ ಸಲ ಮಗುಚಿ ನೋಡಿದ. ಕ್ಷೌರದಂಗಡಿಯ ಬ್ಲೇಡಿನಿಂದ ಬಂತು ಎನ್ನಬಹುದು. ನಿನಗೂ ಒಂದು ಸಣ್ಣ ಟೆಸ್ಟು, ಭಯಪಡುವಂಥದ್ದೇನೂ ಇಲ್ಲ ಎನ್ನಬಹುದು.

ಒಂದು ಭಾನುವಾರ ಅವಳು ಮಂಚದ ಬಲಕ್ಕೆ ಸ್ಟೂಲು ಹಾಕಿಕೊಂಡು ಸಾತುಕುಡಿ ಹಣ್ಣು ಸುಲಿಯುತ್ತಿದ್ದಾಗ ಶುರುಮಾಡಿದ. "ಬ್ಲಡ್‌ಲಿ ಒಂದು ಇನ್ಫೆಕ್ಷನ್ ಅಂತೆ ಮಾಧವೀ. ಸಲೂನ್‌ಲಿ ಬ್ಲೇಡ್ ಮಾತ್ತೋದಿಲ್ಲ, ಅದರಿಂದ ಬರುತ್ತಂತೆ. ಮನೇಲಿರೋವ್ರೂ ಒಂದ್ಸಲ ಟೆಸ್ಟ್ ಮಾಡ್ಸೋದು ಒಳ್ಳೇದು ಅಂದ್ರು. ಭಯ ಬೇಡ, ನಾನೇ ಹೇಳಿ—"

"ನಂದು ಆಗಿದೆ," ಎಂದಳು ಮಾಧವಿ.

"ಏನು?"

"ಟೆಸ್ಟು. ಹೋದ ನವರಾತ್ರಿಲೇ. ಇಂಜೆಕ್ಷನ್ನೂ ಆಯ್ತು, ಎರಡೂ ಕಡೆ ಸೊಂಟಕ್ಕೆ. ನಾಲ್ಕು ದಿನ ಕೂರೋಕಾಗ್ತಿರಲಿಲ್ಲ." ಅವಳು ಸಿಪ್ಪೆಯನ್ನು ಕವರಿಗೆ ಹಾಕಿದಳು. "ಕ್ರೋಂಪೇಟೆ ಸ್ಕಿನ್ ಡಾಕ್ಟ್ರು ಕೈ ನೋಡಿದ ತಕ್ಷಣ ಕೇಳಿದ್ರು. ಯಜಮಾನ್ರಿಗೂ ಹೀಗೇ ಬಂದಿತ್ತಾ ಅಂತ."

"ಹಾಗಾದ್ರೆ ನನಗಿದೆ ಅಂತ ನಿನಗೆ ಗೊತ್ತಿತ್ತು," ಎಂದ.

"ನಿಮ್ಮಿಂದ ತಾನೆ ಬಂದಿದ್ದು. ನಿಮಗಿಲ್ದೆ ನನಗೆಲ್ಲಿಂದ ಬರುತ್ತೆ."

"ಒಂದ್ ಮಾತು ಹೇಳ್ಬೋದಿತ್ತಲ್ಲ. ಒಂದು ಇಂಜೆಕ್ಷನ್ ದಾ ಮಾಧವೀ, ಒಂದೇ ಒಂದು."

"ಹೇಳೋಕೇ ಇದ್ದೆ. ಗೊಂಬೆ ಕೂರಿಸ್ತಿದ್ದಾಗ ಕೈ ತೋರ್ಸಿದ್ನಲ್ಲ, ಆಗ ರಿಪೋರ್ಟು ನನ್ ಬ್ಯಾಗಲ್ಲಿತ್ತು. ನೀವಾಗಿ ಒಂದು ನಿಜ ಹೇಳಿದ್ರೆ ಇಬ್ರೂ ಜೊತೇಲಿ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬರೋಣ, ಆಮೇಲೆ ಜಗಳ ಆಡೋಣ ಅಂತಿದ್ದೆ. ನೀವು ನನ್ ಕೈ ನೋಡಿದ್ರಿ. ಅದು ಏನೂಂತ ಗೊತ್ತಾಗಿದ್ದು ನಿಮ್ ಮುಖದಲ್ಲೇ ಕಾಣಿಸ್ತು. ಆಮೇಲೆ ಡಾಕ್ಟ್ರ ಹತ್ರ ಹೋಗ್ಬೇಡ ಅಂದ್ರಿ. ಆ ಪಾಲಿಸಿ ಯಾಕೆ ಹಾಕಿದ್ರಿ ಅಂತಲೂ ಆಗ್ಲೇ ಅರ್ಥ ಆಯ್ತು."

ಪಕ್ಕದ ಮಂಚದ ಮುದುಕ ನರಳಿ ಮಗ್ಗುಲಾದ. ಡ್ರಿಪ್ಪು ತೊಟ್ಟಿಕ್ಕುತ್ತಿತ್ತು. ತಿರುಮಲೇಶ ಕೇಳಬಾರದೆಂದುಕೊಂಡ, ಆದರೆ ಕೇಳದೆ ಇರಲಾಗಲಿಲ್ಲ.

"ಕಣ್ಣು ಹೋಗ್ಬೋದು ಅಂತ ಗೊತ್ತಿತ್ತಾ ನಿನಗೆ?"

"ಕಣ್ಣು, ಕಿವಿ, ಮೆದುಳು. ನನಗೆ ಇಂಜೆಕ್ಷನ್ ಹಾಕಿದ ಕಡೆ ಗೋಡೆ ಮೇಲೆ ದೊಡ್ಡದಾಗಿ ಬರ್ದು ಹಾಕಿದಾರೆ, ತಮಿಳಲ್ಲಿ. ಇಷ್ಟ್ ವರ್ಷ ಆಗಿದೆ, ನನಗೂ ತಮಿಳು ಓದೋಕೆ ಬರುತ್ತೆ." ಅವಳ ದನಿ ಏರಲಿಲ್ಲ. "ನಿಮ್ಮೋರ್ನೂ ಕರ್ಕೊಂಡ್ ಬನ್ನಿ ಅಂದ್ರು. ಕರ್ಕೊಂಡ್ ಬರ್ತೀನಿ ಅಂದೆ. ಮೊದಮೊದಲು ದಿನಾ ಹೇಳ್ಬೇಕು ಅನ್ನಿಸ್ತಿತ್ತು. ಕಾಫಿ ತಂದ್ಕೊಟ್ಟು ಎದುರಿಗೆ ನಿಂತ್ಕೊಳ್ತಿದ್ದೆ. ನೀವು ಪೇಪರ್ ಓದ್ತಾ ಖುಷಿಯಾಗಿರ್ತಿದ್ರಿ. ಬರ್ತಾ ಬರ್ತಾ ಅನ್ನಿಸೋದು ನಿಂತುಹೋಯ್ತು."

"ಕಣ್ಣು ಮಸುಕು ಅಂದೆನಲ್ಲ. ಅವತ್ತು?"

"ಅವತ್ತು ಗೊತ್ತಾಯ್ತು," ಎಂದಳು ಮಾಧವಿ. "ಗೊತ್ತಾಗಿಯೇ ಕನ್ನಡಕ ಬದಲಾಯ್ಸಿ ಅಂದಿದ್ದು."

ಅವನು ಅವಳ ಮುಖ ನೋಡಬೇಕೆಂದು ತಲೆ ತಿರುಗಿಸಿದ. ಅವಳು ಕೂತಿದ್ದದ್ದು ಬಲಗಡೆ. ಪೂರ್ತಿ ಹೊರಳಿ ಎಡಗಣ್ಣಿಗೆ ಸಿಗುವಂತೆ ಕತ್ತು ತಿರುಗಿಸುವಷ್ಟರಲ್ಲಿ ಅವಳು ಎದ್ದು ಊಟದ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಸುಲಿದ ಹಣ್ಣಿನ ತೊಳೆಗಳನ್ನು ತಟ್ಟೆಯಲ್ಲಿಟ್ಟು ಅವನ ಕೈಗೆ ಎಟುಕುವಂತೆ ಸರಿಸಿದಳು. ನಾಳೆ ಸೋಮವಾರ, ಬ್ಯಾಂಕಿನಲ್ಲಿ ರಷ್ಷು, ಬರುವುದು ಸ್ವಲ್ಪ ತಡವಾಗುತ್ತದೆ ಎಂದು ಹೇಳಿ ಹೋದಳು.